ಮೂರನೇ ದಿನ ಏಳು ನಾಯಿಮರಿಗಳ ತೂಕ ನಿಂತಾಗ: ಒಂದು ಪ್ರಕರಣ ಅಧ್ಯಯನ

ಲ್ಯಾಬ್ರಡಾರ್ ತಳಿಯ ಮೂರು ವರ್ಷದ ಹೆಣ್ಣು ನಾಯಿ, ತೂಕ 28 ಕೆ.ಜಿ., ಮೊದಲ ಬಾಣಂತನ. ಕ್ರಾಸ್ ಮಾಡಿಸುವ ಮೊದಲೇ ಸೊಂಟ ಮತ್ತು ಮೊಣಕೈ ಕೀಲುಗಳ ಎಕ್ಸ್-ರೇ ಹಾಗೂ ಕಣ್ಣಿನ ತಪಾಸಣೆ ಆಗಿತ್ತು. ಗರ್ಭದ 57ನೇ ದಿನದ ಎಕ್ಸ್-ರೇಯಲ್ಲಿ ಎಂಟು ಬೆನ್ನುಮೂಳೆಗಳು ಕಂಡವು. ಇಷ್ಟು ತಡವಾಗಿ ಎಕ್ಸ್-ರೇ ತೆಗೆಸುವುದಕ್ಕೆ ಕಾರಣವಿದೆ. ಸುಮಾರು 55ನೇ ದಿನಕ್ಕೂ ಮುಂಚೆ ಮೂಳೆಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಒಟ್ಟು ಎಷ್ಟು ಮರಿ ಎಂದು ಗೊತ್ತಿಲ್ಲದಿದ್ದರೆ, ಹೆರಿಗೆ ಮುಗಿಯಿತೋ ಒಳಗೆ ಒಂದು ಸಿಕ್ಕಿಕೊಂಡಿದೆಯೋ ಎಂದು ಹೇಳಲು ಯಾರಿಗೂ ಆಗದು.

ಈ ಮನೆಯಲ್ಲಿ ತಯಾರಿಗೆ ಕೊರತೆ ಇರಲಿಲ್ಲ. ಆದರೂ ಮೂರನೇ ದಿನ ಎಂಟು ಮರಿಗಳಲ್ಲಿ ಏಳರ ಬೆಳವಣಿಗೆ ನಿಂತುಹೋಯಿತು. ನೋಡುವ ಕಣ್ಣಿಗೆ ಅದು ಕಾಣಲಿಲ್ಲ, ಕಂಡದ್ದು ತೂಕದ ಪುಸ್ತಕದಲ್ಲಿ. ಯಾಕೆ ಹಾಗಾಯಿತು, ಹೇಗೆ ಸರಿಹೋಯಿತು, ಮುಂದಿನ ಎಂಟು ವಾರ ಮರಿಗಳು ಹೇಗೆ ಬೆಳೆದು ಹೊಸ ಮನೆ ಸೇರಿದವು ಎಂಬುದರ ಪೂರ್ಣ ವಿವರ ಇಲ್ಲಿದೆ.

ಹೆರಿಗೆ

ಹೆರಿಗೆ ಪೆಟ್ಟಿಗೆಯ ಅಳತೆ 120 × 120 ಸೆಂ.ಮೀ. ನೆಲದಿಂದ ಸುಮಾರು 10 ಸೆಂ.ಮೀ. ಎತ್ತರದಲ್ಲಿ, ಗೋಡೆಯಿಂದ ಅಷ್ಟೇ ಮುಂದಕ್ಕೆ ಚಾಚಿಕೊಂಡಂತೆ ಒಳಗಡೆ ಸುತ್ತಲೂ ಒಂದು ಪಟ್ಟಿ. ತಾಯಿ ಗೋಡೆಗೆ ಒರಗಿ ಮಲಗುವಾಗ ಬೆನ್ನ ಹಿಂದೆ ಮರಿ ಸಿಕ್ಕಿದರೂ ಅಪ್ಪಚ್ಚಿಯಾಗದೆ ಪಟ್ಟಿಯ ಕೆಳಗೆ ಜಾಗ ಸಿಗಲಿ ಎಂಬುದು ಉದ್ದೇಶ. ಪೆಟ್ಟಿಗೆಯನ್ನು ಹತ್ತು ದಿನ ಮೊದಲೇ ಇಟ್ಟಿದ್ದರಿಂದ ತಾಯಿ ಅಲ್ಲೇ ಮಲಗಿ ರೂಢಿ ಮಾಡಿಕೊಂಡಿತ್ತು.

ಕೊನೆಯ ವಾರ ದಿನಕ್ಕೆ ಎರಡು ಬಾರಿ ತಾಯಿಯ ಗುದದ್ವಾರದ ಉಷ್ಣಾಂಶ ನೋಡಲಾಗುತ್ತಿತ್ತು. ಒಂದು ಬೆಳಿಗ್ಗೆ ಅದು 36.9 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. 37.2ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ಹೆರಿಗೆ ಶುರುವಾಗುತ್ತದೆ. ಇಲ್ಲಿ ಮೊದಲ ಮರಿ ಬಂದದ್ದು 14 ಗಂಟೆಯ ನಂತರ.

ಪಶುವೈದ್ಯರ ಫೋನ್ ನಂಬರಿನ ಕೆಳಗೆ ಗೋಡೆಯ ಮೇಲೆ ನಾಲ್ಕು ಸಾಲು ಬರೆದಿತ್ತು. ಜೋರಾಗಿ ತಿಣುಕುತ್ತಾ ಅರ್ಧ ಗಂಟೆಯಾದರೂ ಮರಿ ಬರದಿದ್ದರೆ. ಒಂದು ಮರಿ ಬಂದ ಮೇಲೆ, ಒಳಗೆ ಇನ್ನೂ ಮರಿ ಇದ್ದೂ ಎರಡು ಗಂಟೆ ದಾಟಿದರೆ. ಮೊದಲ ಮರಿಗೂ ಮುಂಚೆ ಹಸಿರುಗಪ್ಪು ಸ್ರಾವ ಕಂಡರೆ. ತಾಯಿ ನಿತ್ರಾಣವಾಗಿ ಬಿದ್ದರೆ. ಇವುಗಳಲ್ಲಿ ಯಾವುದಾದರೂ ಒಂದು ಕಂಡರೂ ಕಾಯುವ ಮಾತಿಲ್ಲ, ಕೂಡಲೇ ಕರೆ ಮಾಡಬೇಕು. ಹಸಿರು ಬಣ್ಣ ಮಾಸು ಕಳಚಿಕೊಂಡದ್ದರ ಗುರುತು. ಮರಿಗಳು ಹುಟ್ಟತೊಡಗಿದ ಮೇಲೆ ಅದು ಸಹಜ, ಮೊದಲ ಮರಿಗಿಂತ ಮುಂಚೆ ಬಂದರೆ ಒಳಗಿನ ಮರಿಗೆ ಆಮ್ಲಜನಕ ಕಡಿಮೆಯಾಗುತ್ತಿರಬಹುದು ಎಂದರ್ಥ. ಇಲ್ಲಿ ಆರನೇ ಮತ್ತು ಏಳನೇ ಮರಿಯ ನಡುವೆ ಒಂದು ಗಂಟೆ ಐವತ್ತು ನಿಮಿಷ ಹೋಯಿತು. ತಾಯಿ ತಿಣುಕದೆ, ನೆಮ್ಮದಿಯಿಂದ ಮರಿಗಳಿಗೆ ಹಾಲೂಡುತ್ತಿದ್ದರಿಂದ ಕಾಯಲಾಯಿತು.

ಎರಡು ಮರಿಗಳ ಪೊರೆಯನ್ನು ತಾಯಿ ಹರಿಯಲಿಲ್ಲ. ಪೊರೆ ಹರಿದು, ಬಾಯಿ ಮೂಗಿನ ಲೋಳೆ ಒರೆಸಿ, ತಲೆ ತುಸು ಕೆಳಗಿರುವಂತೆ ಹಿಡಿದು ಒಣ ಟವೆಲಿನಿಂದ ಉಜ್ಜಿದ ಮೇಲೆ ಅವು ಕೂಗಿದವು. ಮರಿಯನ್ನು ಕೈಯಲ್ಲಿ ಹಿಡಿದು ಬೀಸುವ ಹಳೆಯ ಪದ್ಧತಿಯನ್ನು ಪೂರ್ತಿ ಬಿಡಬೇಕು, ಅದರಿಂದ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ಹೊಕ್ಕುಳಬಳ್ಳಿಯನ್ನು ಹೊಟ್ಟೆಯಿಂದ ಎರಡು-ಮೂರು ಸೆಂ.ಮೀ. ಬಿಟ್ಟು ದಾರದಿಂದ ಕಟ್ಟಿ, ಕುದಿಸಿದ ಕತ್ತರಿಯಿಂದ ಕತ್ತರಿಸಿ, ತುದಿಯನ್ನು ಪೊವಿಡೋನ್ ಅಯೋಡಿನ್‌ನಲ್ಲಿ ಅದ್ದಲಾಯಿತು. ಪ್ರತಿ ಮರಿಯ ಬಾಯಿ ತೆರೆದು ಅಂಗುಳ ಸೀಳಿದೆಯೇ ಎಂದು ಬೆರಳಾಡಿಸಿ ನೋಡಿ, ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಕೊರಳಿಗೆ ಬಣ್ಣದ ಪಟ್ಟಿ ಕಟ್ಟಿದರು.

ಪಟ್ಟಿಯ ಬಣ್ಣವೇ ಮರಿಯ ಹೆಸರು. ಹುಟ್ಟುತೂಕ ಗ್ರಾಂಗಳಲ್ಲಿ: ಹಳದಿ 310, ನೀಲಿ 352, ಕೆಂಪು 385, ಹಸಿರು 398, ಬಿಳಿ 410, ಕಿತ್ತಳೆ 424, ನೇರಳೆ 431, ಕಪ್ಪು 455. ಒಟ್ಟು 3165. ಎಂಟೂ ಮರಿಗಳು ಮೊದಲ ಎರಡು-ಮೂರು ಗಂಟೆಯಲ್ಲೇ ಮೊಲೆಗೆ ಬಾಯಿ ಹಾಕಿದವು. ಗಿಣ್ಣು ಹಾಲಿನಲ್ಲಿರುವ ರೋಗನಿರೋಧಕ ಕಣಗಳನ್ನು ಮರಿಯ ಕರುಳು ಹಾಗೆಯೇ ರಕ್ತಕ್ಕೆ ಬಿಟ್ಟುಕೊಳ್ಳುವುದು ಮೊದಲ ಒಂದು ದಿನ ಮಾತ್ರ, ಅದರಲ್ಲೂ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು. ಮರುದಿನ ಎಷ್ಟು ಕುಡಿಸಿದರೂ ಆ ನಷ್ಟ ತುಂಬುವುದಿಲ್ಲ.

ಮೂರನೇ ದಿನ

ದಿನಕ್ಕೆ ಎರಡು ಹೊತ್ತು, ಒಂದೇ ವೇಳೆಗೆ ತೂಕ ನೋಡಲಾಗುತ್ತಿತ್ತು. ಮೊದಲ ದಿನ ಒಟ್ಟು 3120ಕ್ಕೆ ಇಳಿಯಿತು. ಮೊದಲ 24 ಗಂಟೆಯಲ್ಲಿ ಸ್ವಲ್ಪ ಇಳಿಯುವುದು ಅಪಾಯವಲ್ಲ, ಹುಟ್ಟುತೂಕದ ಶೇ. 10ರಷ್ಟು ಇಳಿದರೆ ಗಂಭೀರ. ಎರಡನೇ ದಿನ 3205. ಇಲ್ಲಿಂದ ಮುಂದೆ ದಿನಕ್ಕೆ ಶೇ. 5ರಿಂದ 10ರಷ್ಟು ಏರಬೇಕು. ಮೂರನೇ ದಿನ ಬಂದದ್ದು 3190. ಹಳದಿ 11 ಗ್ರಾಂ ಕಳೆದುಕೊಂಡು 292ಕ್ಕೆ ಇಳಿದಿತ್ತು. ಇನ್ನೂ ಮೂರು ಮರಿಗಳು ತಲಾ 6 ಗ್ರಾಂ ಇಳಿದಿದ್ದವು, ಮೂರು ನಿಂತಲ್ಲೇ ಇದ್ದವು. ಏರಿದ್ದು ಕಪ್ಪು ಒಂದೇ, 14 ಗ್ರಾಂ.

ಮನೆಯವರ ಗಮನವೆಲ್ಲ ಹಳದಿಯ ಮೇಲಿತ್ತು. ಸಣ್ಣದು, ಹಾಗಾಗಿ ಸೊರಗುತ್ತಿದೆ ಎಂಬ ಲೆಕ್ಕ. ಆದರೆ ತೂಕದ ಪುಸ್ತಕವನ್ನು ಅಡ್ಡಡ್ಡ, ಅಂದರೆ ಒಂದೇ ಮರಿಯ ದಿನದಿನದ ತೂಕವನ್ನು, ಓದುವುದರ ಜೊತೆಗೆ ಉದ್ದುದ್ದಕ್ಕೂ, ಅಂದರೆ ಒಂದೇ ದಿನದ ಎಲ್ಲ ಮರಿಗಳ ತೂಕವನ್ನೂ, ಓದಬೇಕು. ಒಂದು ಮರಿಯ ತೂಕ ನಿಂತರೆ ತೊಂದರೆ ಬಹುಮಟ್ಟಿಗೆ ಆ ಮರಿಯಲ್ಲಿರುತ್ತದೆ. ಎಲ್ಲ ಮರಿಗಳದೂ ಒಟ್ಟಿಗೆ ನಿಂತರೆ ತೊಂದರೆಯನ್ನು ತಾಯಿಯಲ್ಲಿ ಅಥವಾ ಪೆಟ್ಟಿಗೆಯಲ್ಲಿ ಹುಡುಕಬೇಕು.

ಅದೇ ಬೆಳಿಗ್ಗೆ ಪಶುವೈದ್ಯರು ತಾಯಿಯನ್ನು ಪರೀಕ್ಷಿಸಿದರು. ಉಷ್ಣಾಂಶ 39.0, ಹೆರಿಗೆಯಾದ ಮೊದಲ ದಿನಗಳಲ್ಲಿ ಇಷ್ಟು ಸಹಜ. ಹತ್ತು ಮೊಲೆಗಳಲ್ಲಿ ಒಂದೂ ಬಿಸಿಯೇರಿ ಗಟ್ಟಿಯಾಗಿರಲಿಲ್ಲ, ಹಿಂಡಿದರೆ ಬಿಳಿ ಹಾಲು ಬಂತು. ಸ್ರಾವದಲ್ಲಿ ದುರ್ವಾಸನೆ ಇರಲಿಲ್ಲ. ಅಲ್ಲಿಗೆ ಮೊಲೆ ಬಾವು, ಗರ್ಭಕೋಶದ ಸೋಂಕು ಎರಡೂ ಅಲ್ಲ ಎಂದಾಯಿತು. ಹಾಲು ಇದೆ, ಮರಿಗಳ ಹೊಟ್ಟೆಗೆ ಹೋಗುತ್ತಿಲ್ಲ.

ಉತ್ತರ ಸಿಕ್ಕಿದ್ದು ಪೆಟ್ಟಿಗೆಯ ಪಕ್ಕದಲ್ಲಿ ಒಂದು ಗಂಟೆ ಸುಮ್ಮನೆ ಕುಳಿತು ನೋಡಿದಾಗ. ಪೆಟ್ಟಿಗೆಯ ನಟ್ಟನಡುವೆ 250 ವ್ಯಾಟ್‌ನ ಶಾಖದ ಬಲ್ಬು ತೂಗುತ್ತಿತ್ತು. ತಾಯಿ ಒಳಗೆ ಬಂದು ಮಲಗಿದ ಐದಾರು ನಿಮಿಷಕ್ಕೆ ನಾಲಗೆ ಚಾಚಿ ಏದುಸಿರು ಬಿಡುವುದು, ಎದ್ದು ಹೊರಗೆ ಹೋಗಿ ತಣ್ಣನೆಯ ನೆಲದ ಮೇಲೆ ಮಲಗುವುದು. ಮರಿಗಳು ಮೊಲೆ ಹಿಡಿದು ಲಯ ಕಂಡುಕೊಳ್ಳುವಷ್ಟರಲ್ಲಿ ತಾಯಿ ಇಲ್ಲ. ಬಲ್ಬಿನ ನೇರ ಕೆಳಗೆ ಹಾಸಿನ ಮೇಲೆ ಥರ್ಮಾಮೀಟರ್ ಇಟ್ಟರೆ 37 ಡಿಗ್ರಿ, ಮೂಲೆಯಲ್ಲಿ 26. ಮನೆಯವರು ನೋಡುತ್ತಿದ್ದ ಥರ್ಮಾಮೀಟರ್ ಮಾತ್ರ ಗೋಡೆಯಲ್ಲಿ, ನಿಂತವರ ಎದೆಯ ಮಟ್ಟದಲ್ಲಿತ್ತು, ಅಲ್ಲಿ 28. ಆ ಸಂಖ್ಯೆ ಎಲ್ಲರಿಗೂ ಸಮಾಧಾನ ಕೊಟ್ಟಿತ್ತು.

ಮರಿಗಳು ಮಲಗಿದ ರೀತಿಯೂ ಅದನ್ನೇ ಹೇಳುತ್ತಿತ್ತು. ಹದವಾದ ಬೆಚ್ಚಗಿದ್ದರೆ ಮರಿಗಳು ಪಕ್ಕಪಕ್ಕದಲ್ಲಿ ಸಡಿಲವಾಗಿ ಮಲಗಿ ನಿದ್ದೆಯಲ್ಲಿ ಆಗಾಗ ಮೈ ಅದುರಿಸುತ್ತವೆ. ಚಳಿಯಾದರೆ ಒಂದರ ಮೇಲೊಂದು ಗುಡ್ಡೆ ಬೀಳುತ್ತವೆ. ಸೆಕೆಯಾದರೆ ಒಂದಕ್ಕೊಂದು ದೂರ ಸರಿದು ಕುಂಯ್‌ಗುಟ್ಟುತ್ತವೆ. ಇಲ್ಲಿ ಏಳು ಮರಿಗಳು ಅಂಚಿಗೆ ಚದುರಿದ್ದವು. ಬಲವಿಲ್ಲದ ಹಳದಿ ಆಚೆಯ ಮೂಲೆಗೆ ತಲುಪಿ ಅಲ್ಲಿಂದ ಹಿಂದಿರುಗಲಾರದೆ ತಣ್ಣಗಾಗಿತ್ತು. ಅದರ ಉಷ್ಣಾಂಶ 34.2, ಒಸಡು ಅಂಟಂಟು.

ಹುಟ್ಟಿದ ಮೊದಲ ವಾರ ಮರಿಗೆ ಚಳಿಗೆ ನಡುಗುವ ಶಕ್ತಿಯೇ ಇರುವುದಿಲ್ಲ. ಮೈ ತಣ್ಣಗಾದ ಮರಿ ಚೀಪುವುದನ್ನು ಬಿಡುತ್ತದೆ, ಕರುಳಿನ ಚಲನೆ ನಿಲ್ಲುತ್ತದೆ, ರಕ್ತದ ಸಕ್ಕರೆ ಇಳಿಯುತ್ತದೆ, ಸಕ್ಕರೆ ಇಳಿದಷ್ಟೂ ಮೈ ಇನ್ನಷ್ಟು ತಣ್ಣಗಾಗುತ್ತದೆ. ತಣ್ಣಗಿರುವ ಮರಿಗೆ ಹಾಲು ಕುಡಿಸಬಾರದು ಎನ್ನುವುದು ಇದೇ ಕಾರಣಕ್ಕೆ. ಹಾಲು ಜೀರ್ಣವಾಗದೆ ಹೊಟ್ಟೆಯಲ್ಲೇ ಉಳಿದು, ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಹಸಿದಿದೆ ಎಂದು ಮರುಗಿ ಮೊದಲು ಹಾಲು ಕೊಟ್ಟು, ಆಮೇಲೆ ಬೆಚ್ಚಗೆ ಮಾಡಲು ಹೊರಟು ಮರಿ ಕಳೆದುಕೊಂಡವರು ಎಷ್ಟೋ ಜನ.

ಸರಿಪಡಿಸಿದ ಕ್ರಮ

ಹಳದಿಯನ್ನು ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕದಲ್ಲಿ, ಪುಟ್ಟ ಡಬ್ಬದೊಳಗೆ, ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸುತ್ತಾ ಒಂದೂವರೆ ಗಂಟೆಯಲ್ಲಿ 36.1ಕ್ಕೆ ತರಲಾಯಿತು. ಗಡಿಬಿಡಿಯಲ್ಲಿ ಹೇರ್ ಡ್ರೈಯರ್ ಹಿಡಿದು ಕಾಯಿಸಿದರೆ ಚರ್ಮದ ರಕ್ತನಾಳಗಳು ಒಮ್ಮೆಲೇ ಹಿಗ್ಗಿ ಮರಿ ಕುಸಿಯುತ್ತದೆ.

ಬಲ್ಬು ತೆಗೆದು, ಪೆಟ್ಟಿಗೆಯ ಮೂರನೇ ಒಂದು ಭಾಗದಲ್ಲಿ ಮಾತ್ರ ಹಾಸಿನ ಅಡಿಗೆ ಥರ್ಮೋಸ್ಟಾಟ್ ಇರುವ ಹೀಟಿಂಗ್ ಪ್ಯಾಡ್ ಹಾಕಲಾಯಿತು. ಮೇಲ್ಮೈ 30-31 ಡಿಗ್ರಿ, ಕೋಣೆ 24. ಮರಿಗೆ ಬೇಕಾದಲ್ಲಿ ಬಿಸಿ, ತಾಯಿಗೆ ಮಲಗಲು ತಂಪು ಜಾಗ. ವೈರನ್ನು ತಾಯಿಯ ಹಲ್ಲಿಗೆ ಸಿಗದಂತೆ ಕೊಳವೆಯೊಳಗೆ ಹಾಯಿಸಲಾಯಿತು. ಒಂದು ಗಂಟೆಯೊಳಗೆ ತಾಯಿ ಒಳಗೆ ಬಂದು ಮೈಚೆಲ್ಲಿ ಮಲಗಿತು, ಇಪ್ಪತ್ತು ನಿಮಿಷ ಏಳಲಿಲ್ಲ.

ಮುಂದಿನ ಮೂರು ದಿನ ಮರಿಗಳನ್ನು ನಾಲ್ಕು-ನಾಲ್ಕರಂತೆ ಹಾಲಿಗೆ ಬಿಡಲಾಯಿತು, ಸಣ್ಣ ನಾಲ್ಕು ಮೊದಲು. ದೊಡ್ಡವು ಇಪ್ಪತ್ತು ನಿಮಿಷ ಬೆಚ್ಚನೆಯ ಡಬ್ಬದಲ್ಲಿ ಕಾಯುತ್ತಿದ್ದವು. ಹಳದಿ ಮತ್ತು ನೀಲಿಗೆ ಮಾತ್ರ ಮೇಲುಹಾಲು, ಅದೂ ನಾಯಿಮರಿಗಳಿಗೆಂದೇ ತಯಾರಿಸಿದ ಪುಡಿಯದು. ಹಸುವಿನ ಹಾಲಿನಲ್ಲಿ ನಾಯಿಯ ಹಾಲಿಗಿಂತ ಪ್ರೋಟೀನ್ ಮತ್ತು ಕೊಬ್ಬು ಕಡಿಮೆ, ಲ್ಯಾಕ್ಟೋಸ್ ಹೆಚ್ಚು. ಅದನ್ನೇ ಕೊಟ್ಟರೆ ಮರಿ ಒಂದೆಡೆ ಬಡಕಲಾಗುತ್ತದೆ, ಇನ್ನೊಂದೆಡೆ ಭೇದಿ ಹತ್ತುತ್ತದೆ.

ಅಳತೆಯ ಲೆಕ್ಕ ಹೀಗೆ. ಪೂರ್ತಿ ಮೇಲುಹಾಲಿನಲ್ಲೇ ಬೆಳೆಸುವುದಾದರೆ ಈ ವಯಸ್ಸಿನಲ್ಲಿ 100 ಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು 20 ಮಿ.ಲೀ. ಹಳದಿಗೆ 60 ಮಿ.ಲೀ., ಮೂರು ಗಂಟೆಗೊಮ್ಮೆ ಎಂಟು ಸಲ, ಸಲಕ್ಕೆ ಏಳೂವರೆ. ಹೊಟ್ಟೆ ಹಿಡಿಸುವುದೇ 100 ಗ್ರಾಂ ತೂಕಕ್ಕೆ ಒಂದು ಸಲಕ್ಕೆ ಸುಮಾರು 4 ಮಿ.ಲೀ., ಆದ್ದರಿಂದ ಹಳದಿಗೆ 12 ಮಿ.ಲೀ. ದಾಟುವಂತಿಲ್ಲ. ತಾಯಿಯ ಹಾಲೂ ಸಿಗುತ್ತಿದ್ದುದರಿಂದ ಕೊಟ್ಟದ್ದು ಸಲಕ್ಕೆ 5 ಮಿ.ಲೀ. ಹಾಲು ಮೈಬಿಸಿಯಷ್ಟು, 38 ಡಿಗ್ರಿ. ಮರಿ ಹೊಟ್ಟೆಯ ಮೇಲೆ ಮಲಗಿ, ತಲೆ ತುಸು ಎತ್ತಿ, ತಾನೇ ಚೀಪಬೇಕು. ಕೂಸಿನಂತೆ ಅಂಗಾತ ಮಲಗಿಸಿ ಬಾಟಲಿ ಒತ್ತಿದರೆ ಹಾಲು ಶ್ವಾಸನಾಳಕ್ಕೆ ಹೋಗುತ್ತದೆ. ಮೂಗಿನಲ್ಲಿ ಹಾಲಿನ ಗುಳ್ಳೆ ಕಂಡರೆ ಕುಡಿಸುವುದನ್ನು ಅಲ್ಲಿಗೇ ನಿಲ್ಲಿಸಿ ಪಶುವೈದ್ಯರಿಗೆ ತೋರಿಸಬೇಕು. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಕೆಳಹೊಟ್ಟೆ ಮತ್ತು ಗುದದ ಸುತ್ತ ಮೆಲ್ಲಗೆ ಒರೆಸಿದರೇ ಉಚ್ಚೆ, ಕಕ್ಕ. ಮೂರು ವಾರದವರೆಗೆ ಮರಿ ತಾನಾಗಿ ಮಾಡಲಾರದು, ತಾಯಿ ನೆಕ್ಕುವುದು ಅದಕ್ಕೇ.

ನಾಲ್ಕನೇ ದಿನ ಒಟ್ಟು ತೂಕ 3365, ಐದನೇ ದಿನ 3590. ಆರನೇ ದಿನ ಮೇಲುಹಾಲು ನಿಂತಿತು. ಏಳರಿಂದ ಹತ್ತು ದಿನದೊಳಗೆ ಹುಟ್ಟುತೂಕ ಇಮ್ಮಡಿಯಾಗಬೇಕೆಂಬುದು ಸಾಮಾನ್ಯ ಲೆಕ್ಕ. ಏಳು ಮರಿಗಳು ಆ ಅವಧಿಯಲ್ಲೇ ಮುಟ್ಟಿದವು, ಹಳದಿ 13ನೇ ದಿನ ಮುಟ್ಟಿತು. ತಡವಾದರೂ ದಿನವೂ ತಪ್ಪದೆ ಏರುತ್ತಿದ್ದುದರಿಂದ ಚಿಂತೆ ಇರಲಿಲ್ಲ.

ತಾಯಿಯ ಬಗ್ಗೆ

ಗರ್ಭಿಣಿಯಾಗಿದ್ದಾಗ ಮನೆಯವರು ಕ್ಯಾಲ್ಸಿಯಂ ಮಾತ್ರೆ ತಂದಿಟ್ಟಿದ್ದರು. ಪಶುವೈದ್ಯರು ಅದನ್ನು ಶುರು ಮಾಡಲು ಬಿಡಲಿಲ್ಲ. ಹೊರಗಿನಿಂದ ಕ್ಯಾಲ್ಸಿಯಂ ಧಾರಾಳವಾಗಿ ಬರುತ್ತಿದ್ದರೆ, ಮೂಳೆಯಿಂದ ಅದನ್ನು ತೆಗೆದುಕೊಡುವ ಪ್ಯಾರಾಥೈರಾಯ್ಡ್ ಗ್ರಂಥಿ ಕೆಲಸ ಮರೆಯುತ್ತದೆ. ಹೆರಿಗೆಯಾದ ಮೇಲೆ ಹಾಲಿಗೆ ಒಮ್ಮೆಲೇ ಕ್ಯಾಲ್ಸಿಯಂ ಹರಿಯತೊಡಗಿದಾಗ ರಕ್ತದಲ್ಲಿ ಅದು ಕುಸಿದುಬೀಳುತ್ತದೆ. ಚಡಪಡಿಕೆ, ಏದುಸಿರು, ಬಿಗಿದ ನಡಿಗೆ, ಆಮೇಲೆ ನಡುಕ ಮತ್ತು ಸೆಳೆತ. ಮೊದಲ ನಾಲ್ಕು ವಾರದಲ್ಲಿ ಈ ಲಕ್ಷಣ ಕಂಡರೆ ಮರಿಗಳನ್ನು ತಕ್ಷಣ ಬೇರ್ಪಡಿಸಿ ಆಸ್ಪತ್ರೆಗೆ ಓಡಬೇಕು, ಗಂಟೆಗಳ ಲೆಕ್ಕದಲ್ಲಿ ಜೀವ ಹೋಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಬಾಣಂತಿಗೆ ನಾಯಿಮರಿಗಳ ಆಹಾರವನ್ನೇ ಕೊಟ್ಟು, ಮೂರನೇ ವಾರದ ಹೊತ್ತಿಗೆ ಎಂದಿನ ಮೂರರಷ್ಟು ಪ್ರಮಾಣಕ್ಕೆ ಏರಿಸಿ, ನಾಲ್ಕು ಹೊತ್ತಿಗೆ ಹಂಚಲಾಯಿತು. ಮರಿಗಳ ಉಗುರಿನ ತುದಿಯನ್ನು ವಾರಕ್ಕೊಮ್ಮೆ ಕತ್ತರಿಸಲಾಗುತ್ತಿತ್ತು. ಇದನ್ನು ಬಿಟ್ಟರೆ ಮೊಲೆಯೆಲ್ಲ ಗೀರಾಗಿ ತಾಯಿ ಹಾಲೂಡಲು ಒಲ್ಲೆ ಎನ್ನುತ್ತದೆ, ಗೀರಿನಿಂದ ಸೋಂಕೂ ಒಳಹೋಗುತ್ತದೆ.

ಎರಡರಿಂದ ಎಂಟು ವಾರ

ಕಣ್ಣು ತೆರೆದದ್ದು 11ರಿಂದ 14ನೇ ದಿನದ ನಡುವೆ, ಕಿವಿ ಅದಾದ ಕೆಲವು ದಿನಕ್ಕೆ. 14ನೇ ದಿನ ಜಂತುಹುಳುವಿನ ಮೊದಲ ಔಷಧ, ನಂತರ 4, 6, 8ನೇ ವಾರ. ಪ್ರತಿ ಸಲ ಅದೇ ದಿನದ ತೂಕಕ್ಕೆ ಡೋಸ್, ಜೊತೆಗೆ ತಾಯಿಗೂ. ಟಾಕ್ಸೊಕಾರ ಜಾತಿಯ ದುಂಡುಹುಳು ಗರ್ಭದಲ್ಲೇ ಮರಿಗೆ ದಾಟುತ್ತದೆ, ಹಾಲಿನಲ್ಲೂ ಬರುತ್ತದೆ. ಮಲದಲ್ಲಿ ಹುಳು ಕಂಡ ಮೇಲೆ ಕೊಟ್ಟರಾಯಿತು ಎಂದರೆ ಅಷ್ಟರಲ್ಲಿ ಅದರ ಮೊಟ್ಟೆ ನೆಲಕ್ಕೆ ಬಿದ್ದಿರುತ್ತದೆ, ಮನೆಯ ಮಕ್ಕಳಿಗೂ ಅಪಾಯ.

ಮೂರನೇ ವಾರ ಪೆಟ್ಟಿಗೆಯ ಒಂದು ಬದಿ ತೆರೆದು ಅಂಗಳ ವಿಸ್ತರಿಸಲಾಯಿತು. ಮಲಗಲು ಮೆತ್ತನೆಯ ಹಾಸು, ಆಚೆ ಬದಿಗೆ ಮರದ ಹೊಟ್ಟಿನ ಉಂಡೆ ತುಂಬಿದ ಅಗಲ ತಟ್ಟೆ. ಮರಿಗಳು ತಾವಾಗಿ ಮಲಗುವ ಜಾಗದಿಂದ ದೂರ ಹೋಗಿ ಗಲೀಜು ಮಾಡಲು ಕಲಿಯುವ ವಯಸ್ಸಿದು. ಕಾಲಡಿಯ ಯಾವ ಸ್ಪರ್ಶ ಈಗ ಒಗ್ಗುತ್ತದೋ ಅದನ್ನೇ ಮುಂದೆಯೂ ಹುಡುಕುತ್ತವೆ. ಇಡೀ ನೆಲಕ್ಕೆ ಬಟ್ಟೆ ಹಾಸಿ ಬೆಳೆಸಿದ ಮರಿ ಹೊಸ ಮನೆಯಲ್ಲಿ ಕಾರ್ಪೆಟ್ ಹುಡುಕಿದರೆ ಆ ಮನೆಯವರು ಬೈಯುವುದು ಮರಿಯನ್ನು.

ಊಟ ಶುರುವಾದದ್ದು 24ನೇ ದಿನ. ಮರಿಗಳ ಒಣ ಆಹಾರವನ್ನು ಬಿಸಿನೀರಿನಲ್ಲಿ ನೆನೆಸಿ ಗಂಜಿಯ ಹದಕ್ಕೆ ಅರೆದು, ಆರಿಸಿ, ಚಪ್ಪಟೆ ತಟ್ಟೆಯಲ್ಲಿ. ಮೊದಲ ಮೂರು ದಿನ ಒಂದೇ ಹೊತ್ತು. ನಾಲ್ಕನೇ ವಾರದ ಕೊನೆಗೆ ಎರಡೇ ದಿನದಲ್ಲಿ ಎರಡು ಹೊತ್ತಿನಿಂದ ನಾಲ್ಕಕ್ಕೆ ಏರಿಸಿದ್ದರಿಂದ ಆರು ಮರಿಗಳಿಗೆ ಭೇದಿಯಾಯಿತು. ಮಲ ಪರೀಕ್ಷೆಯಲ್ಲಿ ಭೇದಿ ತರುವ ಕಾಕ್ಸಿಡಿಯಾ ಎಂಬ ಪರೋಪಜೀವಿ ಇರಲಿಲ್ಲ, ಮರಿಗಳು ಚುರುಕಾಗಿಯೇ ಇದ್ದವು. ಒಂದೇ ದೊಡ್ಡ ತಟ್ಟೆಯಲ್ಲಿ ಕಪ್ಪು ಮತ್ತು ನೇರಳೆ ಮಿತಿಮೀರಿ ತಿನ್ನುತ್ತಿದ್ದುದೂ ತೂಕದಲ್ಲಿ ಗೊತ್ತಾಯಿತು. ಹಿಂದಿನ ಪ್ರಮಾಣಕ್ಕೆ ಇಳಿಸಿ, ಎರಡು ಮರಿಗೆ ಒಂದು ತಟ್ಟೆ ಮಾಡಿದ ಮೇಲೆ ಮೂರು ದಿನದಲ್ಲಿ ಮಲ ಗಟ್ಟಿಯಾಯಿತು. ಏಳನೇ ವಾರಕ್ಕೆ ತಾಯಿಯ ಹಾಲು ಪೂರ್ತಿ ಬಿಟ್ಟಿತ್ತು.

ಇನ್ನು ಮನಸ್ಸಿನ ಬೆಳವಣಿಗೆ. ಸುಮಾರು ಮೂರರಿಂದ ಹನ್ನೆರಡು-ಹದಿನಾಲ್ಕು ವಾರದವರೆಗೆ ಮರಿ ಲೋಕವನ್ನು ಹೆದರದೆ ಒಪ್ಪಿಕೊಳ್ಳುವ ಕಾಲ. ಇದರ ಅರ್ಧ ಹುಟ್ಟಿದ ಮನೆಯಲ್ಲೇ ಕಳೆಯುತ್ತದೆ, ಹಾಗಾಗಿ ಹೊಸ ಮನೆಯವರು ನೋಡಿಕೊಳ್ಳಲಿ ಎಂದು ಕೈಕಟ್ಟಿ ಕೂರುವಂತಿಲ್ಲ. ಪ್ರತಿದಿನ ಪ್ರತಿ ಮರಿಯನ್ನೂ ಒಂಟಿಯಾಗಿ ಎತ್ತಿ ಕಿವಿ, ಬಾಯಿ, ಪಂಜ ಮುಟ್ಟುವುದು. ಟೈಲ್ಸ್, ಮರಳು, ಹುಲ್ಲು, ಅಲುಗಾಡುವ ಹಲಗೆ. ಮಿಕ್ಸಿ, ಗುಡುಗು, ಪಟಾಕಿಯ ಧ್ವನಿಮುದ್ರಣವನ್ನು ಊಟದ ವೇಳೆಗೆ ಕೇಳಿಸೀಕೇಳಿಸದಷ್ಟು ಸಣ್ಣಗೆ ಹಾಕಿ ದಿನದಿನಕ್ಕೆ ತುಸು ಏರಿಸುವುದು. ಗಡ್ಡದವರು, ಟೋಪಿಯವರು, ಊರುಗೋಲು ಹಿಡಿದವರು, ಕುಳಿತು ಆಡಬಲ್ಲ ಮಕ್ಕಳು. ಆರನೇ ವಾರದಿಂದ ಬಾಗಿಲಿರುವ ಪಂಜರದಂಥ ಕ್ರೇಟ್‌ನಲ್ಲಿ ಐದು ನಿಮಿಷ ಒಂಟಿ ನಿದ್ದೆ, ಕಾರಿನಲ್ಲಿ ಪುಟ್ಟ ಸುತ್ತು. ಹೆದರಿದ ಮರಿಯನ್ನು ಮುಂದಕ್ಕೆ ತಳ್ಳಿದ್ದಿಲ್ಲ. ತಾನೇ ತಿರುಗಿ ಬರುವವರೆಗೆ ಕಾದರೆ ಮಾತ್ರ ಅದು ಧೈರ್ಯ ಕಲಿಯುತ್ತದೆ.

ಇದರ ಜೊತೆಗೇ ಮರಿಗಳಿಗೆ ಮಾರಕ ಭೇದಿ ತರುವ ಪಾರ್ವೋ ವೈರಸ್‌ನ ಭಯ. ನೆಲದಲ್ಲಿ ತಿಂಗಳುಗಟ್ಟಲೆ ಬದುಕುವ ವೈರಸ್ ಅದು, ಚಪ್ಪಲಿಯ ಅಡಿಯಲ್ಲಿ ಮನೆಯೊಳಕ್ಕೆ ಬರುತ್ತದೆ. ಬಂದವರೆಲ್ಲ ಚಪ್ಪಲಿ ಹೊರಗೆ ಬಿಟ್ಟು ಕೈ ತೊಳೆಯಬೇಕಿತ್ತು. ಹೊರಗೆ ಮರಿಗಳನ್ನು ಎತ್ತಿಕೊಂಡೇ ತೋರಿಸಲಾಯಿತು, ಬೇರೆ ನಾಯಿಗಳು ಓಡಾಡುವ ನೆಲಕ್ಕೆ ಇಳಿಸಲಿಲ್ಲ. ಏಳನೇ ವಾರ ಡಿಸ್ಟೆಂಪರ್, ಅಡೆನೋ, ಪಾರ್ವೋ ಎಂಬ ಮೂರು ವೈರಸ್ ರೋಗಗಳ ವಿರುದ್ಧದ ಲಸಿಕೆಯ ಮೊದಲ ಡೋಸ್. ತಾಯಿಯಿಂದ ಬಂದ ರೋಗನಿರೋಧಕ ಕಣಗಳೇ ಲಸಿಕೆಯನ್ನು ನಿಷ್ಫಲ ಮಾಡಬಹುದು, ಅವು ಯಾವಾಗ ಕರಗುತ್ತವೆ ಎಂಬುದು ಮರಿಯಿಂದ ಮರಿಗೆ ಬೇರೆ. ಅದಕ್ಕೇ 16 ವಾರ ತುಂಬುವವರೆಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಮರುಡೋಸ್ ಬೇಕು. ಅದೇ ಭೇಟಿಯಲ್ಲಿ ಹೃದಯ, ಹೊಕ್ಕುಳ, ಹಲ್ಲಿನ ಜೋಡಣೆ, ಗಂಡುಮರಿಗಳ ವೃಷಣ ಪರೀಕ್ಷಿಸಿ, ಗುರುತಿಗಾಗಿ ಚರ್ಮದ ಅಡಿಗೆ 15 ಅಂಕಿಯ ಮೈಕ್ರೋಚಿಪ್ ಹಾಕಲಾಯಿತು.

ಮನೆ ಆರಿಸಿದ್ದು

ಎಂಟು ಮರಿಗೆ ಹದಿನೇಳು ಮನೆಯವರು ಕೇಳಿದ್ದರು. ಆರನೇ ವಾರಕ್ಕೇ ಕೊಡಿ ಎಂದವರಿಗೆ ಇಲ್ಲ ಎನ್ನಲಾಯಿತು. ಎಷ್ಟು ಜೋರಾಗಿ ಕಚ್ಚಿದರೆ ನೋಯುತ್ತದೆ ಎಂದು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಆಡುವಾಗ, ಎಂಟನೇ ವಾರದವರೆಗಿನ ಆಟ ಅದಕ್ಕೆ ಬೇಕೇ ಬೇಕು. ಹುಟ್ಟುಹಬ್ಬದ ಅಚ್ಚರಿಯ ಉಡುಗೊರೆಗೆಂದು ಕೇಳಿದವರಿಗೂ ಇಲ್ಲ. ಒಂದು ಮನೆಯವರು ಎರಡು ಮರಿ ಬಯಸಿದರು. ಒಂದೇ ವಯಸ್ಸಿನ ಎರಡು ಮರಿಗಳು ಮನೆಯವರಿಗಿಂತ ಒಂದಕ್ಕೊಂದು ಅಂಟಿಕೊಂಡು ತರಬೇತಿ ಬಹಳ ಕಷ್ಟವಾಗುತ್ತದೆ ಎಂದು ವಿವರಿಸಿದ ಮೇಲೆ ಒಂದಕ್ಕೆ ಒಪ್ಪಿದರು.

ಮರಿಯನ್ನು ಆರಿಸಿಕೊಟ್ಟವರು ಬೆಳೆಸಿದವರು, ಕೊಳ್ಳುವವರಲ್ಲ. ಅರ್ಧ ಗಂಟೆ ನೋಡಲು ಬಂದವರಿಗೆ ಕಾಣುವುದು ಬಣ್ಣ ಮತ್ತು ಆ ಹೊತ್ತಿನ ಲವಲವಿಕೆ ಮಾತ್ರ. ಪುಟ್ಟ ಮಕ್ಕಳಿದ್ದ ಮನೆಯವರು ಓಡಿಬಂದು ಮುಖ ನೆಕ್ಕಿದ ಕಪ್ಪನ್ನೇ ಕೇಳಿದರು. ಕಪ್ಪು ಅತಿ ಹುರುಪಿನ ಮರಿ, ಬಾಯಿ ಹಾಕುವುದೂ ಜಾಸ್ತಿ. ಅದು ದಿನವೂ ಓಡುವ, ಹಿಂದೆ ನಾಯಿಗೆ ತರಬೇತಿ ಕೊಟ್ಟು ಅನುಭವವಿದ್ದ ಒಬ್ಬರ ಮನೆಗೆ ಹೋಯಿತು. ಸಣ್ಣದೆಂದು ಕನಿಕರ ಪಟ್ಟು ಹಳದಿಯನ್ನು ಹಲವರು ಕೇಳಿದ್ದರು. ಆದರೆ ಬೋಗುಣಿ ಕೆಳಗೆ ಬಿದ್ದ ಸದ್ದಿಗೆ ಮೊದಲು ಚೇತರಿಸಿಕೊಂಡು ಬೋಗುಣಿಯ ಬಳಿಗೇ ಹೋಗಿ ಮೂಸುತ್ತಿದ್ದ ಮರಿ ಅದು. ಗದ್ದಲವಿರುವ ಆ ಮಕ್ಕಳ ಮನೆಗೆ ಹಳದಿಯೇ ಸರಿಹೊಂದಿತು.

58ನೇ ದಿನದಿಂದ, ದಿನಕ್ಕೆ ಎರಡರಂತೆ, ಬೆಳಗಿನ ಹೊತ್ತು ಮರಿಗಳನ್ನು ಒಪ್ಪಿಸಲಾಯಿತು. ಸಂಜೆ ಒಯ್ದರೆ ಹೊಸ ಜಾಗ ನೋಡುವಷ್ಟರಲ್ಲಿ ಕತ್ತಲಾಗಿ ಮೊದಲ ರಾತ್ರಿ ಇನ್ನೂ ಕಠಿಣ. ಜೊತೆಗೆ ಏಳು ದಿನಕ್ಕಾಗುವಷ್ಟು ಅದೇ ಆಹಾರ, ತಾಯಿಯ ವಾಸನೆಯಿರುವ ಬಟ್ಟೆ, ಹುಟ್ಟಿದಂದಿನಿಂದ ತೂಕದ ಪಟ್ಟಿ, ಜಂತುಹುಳುವಿನ ಔಷಧದ ಹೆಸರು, ಡೋಸ್ ಮತ್ತು ದಿನಾಂಕ, ಲಸಿಕೆಯ ಬ್ಯಾಚ್ ಚೀಟಿ, ಮುಂದಿನ ಡೋಸ್‌ನ ದಿನ, ಚಿಪ್ ಸಂಖ್ಯೆ. ಯಾವ ವಯಸ್ಸಿನಲ್ಲಾದರೂ ಸಾಕಲಾಗದಿದ್ದರೆ ನಾಯಿ ಹುಟ್ಟಿದ ಮನೆಗೇ ಮರಳಬೇಕು ಎಂಬ ಲಿಖಿತ ಒಪ್ಪಂದಕ್ಕೆ ಎರಡೂ ಕಡೆಯ ಸಹಿ. ಮೊದಲ ರಾತ್ರಿಗಳಲ್ಲಿ ಕ್ರೇಟ್ ಮಲಗುವ ಕೋಣೆಯಲ್ಲೇ ಇರಲಿ, ಅಳುವ ಮರಿಯನ್ನು ಬೇರೆ ಕೋಣೆಯಲ್ಲಿ ಬಿಟ್ಟು ಗಟ್ಟಿ ಮಾಡುವ ಸಾಹಸ ಬೇಡ ಎಂದು ಎಲ್ಲರಿಗೂ ಹೇಳಲಾಗಿತ್ತು.

ಹೊಸ ಮನೆಗೆ ಹೋದ ನಾಲ್ಕನೇ ದಿನ ನೀಲಿಗೆ ಭೇದಿ ಎಂದು ಫೋನ್ ಬಂತು. ಕೊಟ್ಟ ಆಹಾರ ಬಿಟ್ಟು ಬೇರೆಯದನ್ನು ಒಮ್ಮೆಲೇ ಶುರು ಮಾಡಿದ್ದರು. ಲಸಿಕೆ ಇನ್ನೂ ಪೂರ್ಣವಾಗದ ಮರಿಯಾದ್ದರಿಂದ ಪಾರ್ವೋ ಪರೀಕ್ಷೆ ಮಾಡಿಸಿ, ಇಲ್ಲವೆಂದು ಖಚಿತವಾದ ಮೇಲೆ ಹಳೆಯ ಆಹಾರಕ್ಕೆ ಮರಳಿ, ಮುಂದೆ ಒಂದು ವಾರದಲ್ಲಿ ನಾಲ್ಕನೇ ಒಂದು ಭಾಗದಂತೆ ಹೊಸದನ್ನು ಬೆರೆಸಲಾಯಿತು.

ಹದಿಮೂರನೇ ವಾರ ಹಸಿರು ಮರಳಿ ಬಂತು, ಆ ಮನೆಯಲ್ಲಿ ಒಬ್ಬರಿಗೆ ಉಸಿರಾಟದ ಅಲರ್ಜಿ ತೀವ್ರವಾಗಿತ್ತು. ಅವರು ಲಸಿಕೆಯನ್ನು ವೇಳೆಗೆ ಸರಿಯಾಗಿ ಹಾಕಿಸಿದ್ದರು, ಆದರೆ ಸೋಂಕಿಗೆ ಹೆದರಿ ಐದು ವಾರ ಮರಿಯನ್ನು ಮನೆಯಿಂದ ಹೊರಗೆ ತಂದಿರಲಿಲ್ಲ. ಅಪರಿಚಿತರನ್ನು ಕಂಡರೆ ಹಿಂದೆ ಸರಿಯುತ್ತಿತ್ತು. ಮೊದಲ ಮೂರು ದಿನ ಅದನ್ನು ತನ್ನ ಪಾಡಿಗೆ ಬಿಟ್ಟು, ನಂತರ ದಿನಕ್ಕೆ ಒಬ್ಬ ಹೊಸ ವ್ಯಕ್ತಿ ದೂರದಲ್ಲಿ ಕುಳಿತು, ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ತಿಂಡಿಯ ಚೂರುಗಳನ್ನು ನೆಲಕ್ಕೆ ಹಾಕುವ ಕ್ರಮ. ಎರಡನೇ ವಾರದಲ್ಲಿ ತಾನಾಗಿ ಹತ್ತಿರ ಬಂದು ಕೈ ಮೂಸತೊಡಗಿತು. ವಯಸ್ಸಾದ, ಸಮಾಧಾನದ ನಾಯಿಯೊಂದು ಈಗಾಗಲೇ ಇರುವ ಮನೆಯನ್ನು ಕಾಯುವ ಪಟ್ಟಿಯಿಂದ ಆರಿಸಲಾಯಿತು. ಆ ಮನೆಯವರು ನಾಲ್ಕು ಸಲ ತಮ್ಮ ನಾಯಿಯೊಡನೆ ಬಂದು ಹೋದ ಮೇಲೆ, 17ನೇ ವಾರದಲ್ಲಿ, ಕೊನೆಯ ಲಸಿಕೆ ಮುಗಿಸಿಕೊಂಡು ಹಸಿರು ಅಲ್ಲಿಗೆ ಹೋಯಿತು. ಚಿಪ್‌ನ ನೋಂದಣಿಯಲ್ಲಿ ಹಳೆಯ ಹೆಸರು ತೆಗೆಸಿ ಹೊಸ ಮಾಲೀಕರ ಹೆಸರನ್ನು ಅದೇ ದಿನ ಬರೆಸಲಾಯಿತು.